ಪ್ರಿಂಟರ್ ಕೇಬಲ್: ಕೈಪಿಡಿಗಳು ಬಿಟ್ಟುಬಿಟ್ಟ ಭೌತವಿಜ್ಞಾನ

ಪ್ರಿಂಟರ್ ಜೋಡಿಸುವ ವಿಧಾನ ನಮ್ಮ ಅನೇಕ ಪ್ರಯೋಗ ಕೈಪಿಡಿಗಳಲ್ಲಿ ಮೂರು ಸಾಲಿನಲ್ಲಿ ಮುಗಿಯುತ್ತದೆ: ಕೇಬಲಿನ ಒಂದು ತುದಿಯನ್ನು ಕಂಪ್ಯೂಟರಿಗೆ, ಇನ್ನೊಂದನ್ನು ಪ್ರಿಂಟರಿಗೆ ಸಿಕ್ಕಿಸಿ, ಸ್ವಿಚ್ ಹಾಕಿ, ಮುದ್ರಿಸಿ. ಸೂಚನೆ ತಪ್ಪಲ್ಲ, ಆದರೆ ಕಾರಣ ಎಲ್ಲಿಯೂ ಇಲ್ಲ. ಜಮಖಂಡಿ ಇರಲಿ, ಮುಧೋಳ, ಬೀಳಗಿ ಇರಲಿ, ಹೀಗೆ ಕಲಿತವರ ಮುಂದೆ ಪ್ರಿಂಟರ್ ಸುಮ್ಮನಾದರೆ ಕೇಬಲ್ ಕಿತ್ತು ಮತ್ತೆ ಸಿಕ್ಕಿಸುವುದೊಂದೇ ಅವರಿಗೆ ಉಳಿಯುವ ದಾರಿ.

ಜಮಖಂಡಿಯಲ್ಲಿ ಒಮ್ಮೆ ವಿದ್ಯಾರ್ಥಿನಿಯೊಬ್ಬಳು ಕೇಳಿದಳು: "ಸರ್, ಯುಎಸ್‌ಬಿ ಕೇಬಲ್‌ನ್ಯಾಗ ಕರೆಂಟ್ ಬರತೈತಿ ಅಂತೀರಿ. ಮತ್ತ ಪ್ರಿಂಟರಿಗೆ ಬ್ಯಾರೆ ಪ್ಲಗ್ ಯಾಕ್ರಿ?" ಕೈಪಿಡಿಯಲ್ಲಿ ಉತ್ತರವಿರಲಿಲ್ಲ, ಓಮ್‌ನ ನಿಯಮ ಕಲಿತವರಿಗೆ ಅದು ಕಷ್ಟವೂ ಅಲ್ಲ. ಯುಎಸ್‌ಬಿ 2.0 ಕೊಡುವುದು 5 ವೋಲ್ಟ್, ಹೆಚ್ಚೆಂದರೆ 0.5 ಆಂಪಿಯರ್, ಎಂದರೆ 2.5 ವ್ಯಾಟ್. ಲೇಸರ್ ಪ್ರಿಂಟರ್ ಶಾಯಿಪುಡಿಯನ್ನು ಕಾಗದಕ್ಕೆ ಕರಗಿಸಿ ಅಂಟಿಸಲು ನೂರಾರು ವ್ಯಾಟ್ ಬಳಸುತ್ತದೆ.

ಇನ್ನೊಂದು ಪ್ರಶ್ನೆ: ಹಳೆಯ ಸಮಾಂತರ ಕೇಬಲಿನಲ್ಲಿ ದತ್ತಾಂಶಕ್ಕೆ 8 ತಂತಿಗಳು, ಯುಎಸ್‌ಬಿ 2.0ರಲ್ಲಿ ಒಂದೇ ಜೋಡಿ. ತಂತಿ ಕಡಿಮೆಯಾದರೂ ವೇಗ ಹೆಚ್ಚಿದ್ದು ಹೇಗೆ? ರಬಕವಿ–ಬನಹಟ್ಟಿಯ ಮಕ್ಕಳಿಗೆ ಉದಾಹರಣೆ ಮನೆಯಲ್ಲೇ ಇದೆ. ಹಾಸಿನ ಎಳೆಗಳು ಒಟ್ಟಿಗೆ ಸಾಗುತ್ತವೆ. ಹೊಕ್ಕಿನ ಎಳೆ ಒಂದೇ, ಲಾಳಿಯೊಡನೆ ಒಂದಾದ ಮೇಲೊಂದು ಸಾಲು ಹಾಕುತ್ತದೆ. ಒಟ್ಟಿಗೆ ಹೊರಟ 8 ಸಂಕೇತಗಳು ಒಟ್ಟಿಗೇ ತಲುಪಬೇಕು. ನಿಧಾನವಾಗಿ ಕಳಿಸುವಾಗ ಸಣ್ಣ ವ್ಯತ್ಯಾಸ ಬಾಧಿಸದು. ಆದರೆ ಸೆಕೆಂಡಿಗೆ 48 ಕೋಟಿ ಬಿಟ್ ಎಂದರೆ ಒಂದು ಬಿಟ್‌ಗೆ ಸುಮಾರು 2 ನ್ಯಾನೋಸೆಕೆಂಡ್. ತಂತಿಯಲ್ಲಿ ಸಂಕೇತ ನ್ಯಾನೋಸೆಕೆಂಡಿಗೆ ಸುಮಾರು 20 ಸೆಂ.ಮೀ. ಸಾಗುತ್ತದೆ, ಅಷ್ಟೇ ಉದ್ದದ ವ್ಯತ್ಯಾಸ ಅರ್ಧ ಬಿಟ್ ನುಂಗಿಬಿಡುತ್ತದೆ. ಒಂದೇ ಜೋಡಿಯಲ್ಲಿ ಸಾಲಾಗಿ ಕಳಿಸಿದರೆ ಈ ತೊಡಕಿಲ್ಲ. ಜೋಡಿಯನ್ನು ಹುರಿಮಾಡಿರುವುದರಿಂದ ಹೊರಗಿನ ವಿದ್ಯುತ್ ಗದ್ದಲ ಎರಡಕ್ಕೂ ಹೆಚ್ಚುಕಡಿಮೆ ಸಮನಾಗಿ ತಗುಲಿ, ವ್ಯತ್ಯಾಸ ತೆಗೆದಾಗ ಕಳೆದುಹೋಗುತ್ತದೆ.

ಯುಎಸ್‌ಬಿ 2.0 ಕೇಬಲ್ 5 ಮೀಟರ್ ಮೀರಬಾರದೆಂಬ ನಿಯಮಕ್ಕೂ ಇದೇ ಲೆಕ್ಕ. 5 ಮೀಟರಿಗೆ ಸುಮಾರು 25 ನ್ಯಾನೋಸೆಕೆಂಡ್. ಕಂಪ್ಯೂಟರ್ ನಿಗದಿತ ಅವಧಿಯವರೆಗೆ ಮಾತ್ರ ಉತ್ತರಕ್ಕೆ ಕಾಯುತ್ತದೆ.

"ಮೊದಲು ತಂತ್ರಾಂಶ, ಆಮೇಲೆ ಕೇಬಲ್" ಎಂದು ಹಲವು ಪ್ರಿಂಟರುಗಳು ಹೇಳುವುದಕ್ಕೂ ಕಾರಣವಿದೆ. ಸಿಕ್ಕಿಸಿದೊಡನೆ ಕಂಪ್ಯೂಟರ್ "ನೀನು ಯಾರು?" ಎನ್ನುತ್ತದೆ; ಪ್ರಿಂಟರ್ ತಯಾರಕರ ಮತ್ತು ಮಾದರಿಯ ಸಂಖ್ಯೆಗಳನ್ನು ಕೊಡುತ್ತದೆ. ಅವಕ್ಕೆ ಹೊಂದುವ ಚಾಲಕ ತಂತ್ರಾಂಶ ಸಿಗದಿದ್ದರೆ ಪರಿಚಯ ಅಲ್ಲಿಗೇ ನಿಲ್ಲುತ್ತದೆ. ಆಗ ಕೇಬಲನ್ನು ದೂರಿ ಫಲವಿಲ್ಲ.

ಕೈಪಿಡಿ ಬರೆಯುವವರಲ್ಲಿ ನನ್ನ ಕೋರಿಕೆ ಇಷ್ಟೇ: ಪ್ರತಿ ಸೂಚನೆಯ ಪಕ್ಕ ಒಂದು "ಏಕೆ" ಇರಲಿ. ಶಿಕ್ಷಕ ಮಿತ್ರರೇ, ನೀವು ಅದಕ್ಕಾಗಿ ಕಾಯಬೇಕಿಲ್ಲ. ಕೆಟ್ಟ ಕೇಬಲೊಂದನ್ನು ಸೀಳಿ ಒಳಗಿನ ತಂತಿಗಳನ್ನು ಮಕ್ಕಳಿಂದ ಎಣಿಸಿರಿ. ಕಂಪ್ಯೂಟರ್ ಕೊಠಡಿಗೂ ಭೌತವಿಜ್ಞಾನದ ಕೊಠಡಿಗೂ ನಡುವೆ ನಾವು ಎಬ್ಬಿಸಿದ ಗೋಡೆ ಅಷ್ಟರಲ್ಲೇ ಬಿರುಕು ಬಿಡುತ್ತದೆ.