ಊರವರ ಹದ

ಪ್ರವಾಸ ಹೋಗುವವರಲ್ಲಿ ಈಚೆಗೆ ಒಂದು ಹೊಸ ರೂಢಿ ಬೆಳೆಯುತ್ತಿದೆ. ಹೋದ ಊರಿನ ಸಂತೆಯಲ್ಲಿ ಹೆಸರೂ ಗೊತ್ತಿಲ್ಲದ ಸೊಪ್ಪು, ಗೆಡ್ಡೆ, ಕಾಳು ಕೊಂಡು, ಉಳಿದುಕೊಂಡ ಮನೆಯ ಒಲೆಯ ಮೇಲೆ ತಾವೇ ಬೇಯಿಸಿ ನೋಡುತ್ತಾರೆ. ಅಕ್ಕಿಮೂಟೆ, ಸಾರಿನಪುಡಿ, ಅಡುಗೆ ಭಟ್ಟರ ಸಮೇತ ಕಾಶಿಗೆ ಹೊರಡುತ್ತಿದ್ದ ಬಸ್ಸುಗಳನ್ನು ಕಂಡವರಿಗೆ ಇದು ದೊಡ್ಡ ಬದಲಾವಣೆ. ವಯಸ್ಸಾದವರಿಗೆ, ವ್ರತನಿಯಮ ಇರುವವರಿಗೆ ಆ ಬಸ್ಸಿನ ಅಡುಗೆಯೇ ಸರಿ. ಅದನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ. ಹೊಸ ರೂಢಿಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದರೆ ಒಂದು ತಕರಾರಿದೆ: ಬಹಳ ಮಂದಿ ಸಂತೆಯಿಂದ ಪದಾರ್ಥವನ್ನು ತರುತ್ತಾರೆ, ಅದನ್ನು ಹದ ಮಾಡುವ ವಿದ್ಯೆಯನ್ನು ಮಾರುವವರ ಬಳಿಯೇ ಬಿಟ್ಟು ಬರುತ್ತಾರೆ.

ಹಾಗೆ ಬಿಟ್ಟರೆ ಏನಾಗಬಹುದು ಎಂಬುದಕ್ಕೆ ಬರ್ಕ್ ಮತ್ತು ವಿಲ್ಸ್ ಅವರ ಕಥೆಗಿಂತ ಕಟುವಾದ ನಿದರ್ಶನ ನನಗೆ ತಿಳಿದಿಲ್ಲ. ಆಸ್ಟ್ರೇಲಿಯಾವನ್ನು ದಕ್ಷಿಣದಿಂದ ಉತ್ತರಕ್ಕೆ ದಾಟಲು ಇವರ ದಂಡು 1860ರ ಆಗಸ್ಟ್‌ನಲ್ಲಿ ಮೆಲ್ಬೋರ್ನಿನಿಂದ ಹೊರಟಿತು. ಉತ್ತರಕ್ಕೆ ಹೋಗಿದ್ದ ಬರ್ಕ್, ವಿಲ್ಸ್ ಮತ್ತು ಸಂಗಡಿಗ ಕಿಂಗ್ ಮರಳಿ ನಡುದಾರಿಯ ಕೂಪರ್ ಕ್ರೀಕ್‌ನ ಬಿಡಾರ ತಲುಪಿದ್ದು 1861ರ ಏಪ್ರಿಲ್ 21ರ ಸಂಜೆ. ಅವರಿಗಾಗಿ ತಿಂಗಳುಗಟ್ಟಲೆ ಕಾದಿದ್ದವರು ಅದೇ ದಿನ ಬೆಳಗ್ಗೆ ಹೊರಟುಹೋಗಿದ್ದರು. ಬಿಟ್ಟುಹೋದ ದಿನಸಿ ಕರಗುತ್ತ ಬಂದಾಗ ಆಸರೆಯಾದವರು ಅಲ್ಲಿನ ಯಾಂಡ್ರುವಾಂಧ ಜನ. ಮೀನು ಕೊಟ್ಟರು, ನಾರ್ಡೂ ಎಂಬ ಜರೀಗಿಡದ ಬೀಜಕೋಶಗಳ ಹಿಟ್ಟಿನಿಂದ ಮಾಡಿದ ರೊಟ್ಟಿ ಕೊಟ್ಟರು. ನಮ್ಮ ಕೆರೆಯಂಚುಗಳಲ್ಲೂ ಅದೇ ಕುಲದ, ನಾಲ್ಕು ದಳದ ಎಲೆಯ ಗಿಡಗಳು ಬೆಳೆಯುತ್ತವೆ.

ಬರ್ಕ್ ಆ ಜನರನ್ನು ನಂಬಲಿಲ್ಲ. ಬಂದೂಕು ಹಾರಿಸಿ ದೂರ ಅಟ್ಟಿದ. ಮೂವರೂ ಗಿಡವನ್ನು ತಾವೇ ಹುಡುಕಿಕೊಂಡರು, ಆಯ್ದರು, ದಿನವಿಡೀ ಕುಟ್ಟಿ ಬೀಸಿ ಗಂಜಿ ಮಾಡಿಕೊಂಡರು. ಹೊಟ್ಟೆ ತುಂಬುತ್ತಿತ್ತು, ಮೈ ಮಾತ್ರ ಬಡವಾಗುತ್ತಲೇ ಹೋಯಿತು. ಚೆನ್ನಾಗಿ ತಿನ್ನುತ್ತಿದ್ದರೂ ನಿಲ್ಲುವ ಶಕ್ತಿಯೇ ಇಲ್ಲವಾಗುತ್ತಿರುವುದನ್ನು ವಿಲ್ಸ್ ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಜೂನ್ ಮುಗಿಯುವ ಹೊತ್ತಿಗೆ ಅವನೂ ಬರ್ಕ್‌ನೂ ತೀರಿಕೊಂಡರು. ನಾರ್ಡೂವಿನಲ್ಲಿ ಥಯಮಿನ್ ಎಂಬ ಬಿ1 ಜೀವಸತ್ವವನ್ನು ನಾಶಮಾಡುವ ಕಿಣ್ವ ಹೇರಳವಾಗಿದೆ, ಇವರನ್ನು ಕೊಂದದ್ದು ಬೆರಿಬೆರಿ ಎಂಬ ವಾದವನ್ನು 1994ರಲ್ಲಿ ಅರ್ಲ್ ಮತ್ತು ಮೆಕ್ಲಿಯರಿ ಎಂಬ ವಿಜ್ಞಾನಿಗಳು ನೇಚರ್ ಪತ್ರಿಕೆಯಲ್ಲಿ ಮುಂದಿಟ್ಟರು. ಧಾರಾಳವಾಗಿ ನೀರು ಬೆರೆಸಿ ಅರೆಯುವ ಸ್ಥಳೀಯರ ಕ್ರಮವೇ ಆ ಕಿಣ್ವದ ಹಲ್ಲು ಕೀಳುತ್ತಿತ್ತು ಎಂಬುದು ಅವರ ವಿವರಣೆ. ಉಳಿದ ಕಿಂಗ್ ಆ ಜನರ ಬಳಿಗೇ ಹೋದ. ಅವರಿಗಾಗಿ ಹಕ್ಕಿ ಹೊಡೆದುಕೊಟ್ಟು, ಅವರು ಕೊಟ್ಟ ಮೀನು, ನಾರ್ಡೂ ತಿಂದು ಬದುಕಿದ. ಸೆಪ್ಟೆಂಬರ್‌ನಲ್ಲಿ ಹುಡುಕಿ ಬಂದ ತಂಡಕ್ಕೆ ಜೀವಂತ ಸಿಕ್ಕಿದ.

ಈ ಕಥೆಯಲ್ಲಿ ನನ್ನನ್ನು ಹೆಚ್ಚು ಕಲಕುವುದು ಆ ಮೂವರ ಶ್ರಮ. ಆಯ್ದ ಗಿಡ ಸರಿಯಾದದ್ದೇ, ಬೀಸುವುದರಲ್ಲೂ ಸೋಮಾರಿತನವಿರಲಿಲ್ಲ. ಕಣ್ಣಿಗೆ ಕಂಡಷ್ಟನ್ನು ಕಲಿತರು, ಕೇಳಿ ತಿಳಿಯಬೇಕಾದದ್ದು ಉಳಿದುಬಿಟ್ಟಿತು.

ಎಲ್ಲ ಪದಾರ್ಥವೂ ಇಷ್ಟು ಕಠಿಣವಲ್ಲ, ನಿಜ. ಅಮೆರಿಕದಿಂದ ಬಂದ ಮೆಣಸಿನಕಾಯಿ, ಟೊಮೆಟೊ ಯಾವ ಉಪದೇಶವನ್ನೂ ಕೇಳದೆ ನಮ್ಮ ಸಾರಿನೊಳಗೆ ಇಳಿದವು. ಹೊಸತನ್ನು ಕಂಡೊಡನೆ ಒಗ್ಗರಣೆಗೆ ಹಾಕುವ ನಮ್ಮ ಧೈರ್ಯ ಬಹುಶಃ ಅಲ್ಲಿಂದಲೇ ಬಂದದ್ದು. ಅದೇ ಖಂಡದ ಮುಸುಕಿನ ಜೋಳ ಬೇರೆ ಪಾಠ ಹೇಳುತ್ತದೆ. ಮೆಕ್ಸಿಕೋದವರು ಅದನ್ನು ಸುಣ್ಣದ ನೀರಿನಲ್ಲಿ ಬೇಯಿಸಿ ತೊಳೆದೇ ರುಬ್ಬುತ್ತಿದ್ದರು. ಕಾಳಿನೊಳಗೆ ಬಂಧಿಯಾಗಿರುವ ನಯಾಸಿನ್ ಎಂಬ ಜೀವಸತ್ವ ಮೈಗೆ ಹತ್ತುವುದು ಆಗಲೇ. ಯುರೋಪಿಗೆ ಕಾಳು ಹೋಯಿತು, ಸುಣ್ಣ ಹೋಗಲಿಲ್ಲ. ಮುಸುಕಿನ ಜೋಳವನ್ನೇ ನಂಬಿದ್ದ ಬಡವರಿಗೆ ಆ ಜೀವಸತ್ವದ ಕೊರತೆಯಿಂದ ಪೆಲಾಗ್ರ ಅಂಟಿತು. ಸ್ಪೇನಿನ ವೈದ್ಯ ಗಾಸ್ಪರ್ ಕಸಾಲ್ ಆ ರೋಗವನ್ನು ಗುರುತಿಸಿದ್ದು 1735ರಲ್ಲಿ.

ಮಳೆಗಾಲದಲ್ಲಿ ಕೊಡಗಿಗೋ ಮಲೆನಾಡಿಗೋ ಹೋದವರ ಕೈಗೆ ಸಿಗುವ ಕಳಲೆಯದೂ ಇದೇ ಜಾತಿಯ ಕಥೆ. ಎಳೆ ಬಿದಿರಿನಲ್ಲಿ ಸಯನೈಡ್ ಬಿಡುಗಡೆ ಮಾಡುವ ಅಂಶವಿದೆ. ಅಲ್ಲಿನ ಮನೆಗಳಲ್ಲಿ ತೆಳ್ಳಗೆ ಹೆಚ್ಚಿ, ದಿನಾ ನೀರು ಬದಲಿಸುತ್ತ ಎರಡು ಮೂರು ದಿನ ನೆನೆಸಿ, ಆಮೇಲಷ್ಟೇ ಒಲೆಗೇರಿಸುತ್ತಾರೆ. ಕೆಸುವಿನೆಲೆಗೆ ಹುಣಸೆಹಣ್ಣೋ ಕಾಚಂಪುಳಿಯೋ ಬೀಳುವುದು ಬರೀ ರುಚಿಗಲ್ಲ, ಗಂಟಲು ತುರಿಸದಿರಲಿ ಎಂದು. ಕಾಚಂಪುಳಿಯಂತೂ ಬತ್ತಿಸಿ ಕಪ್ಪಾಗಿಸಿದ ಗಟ್ಟಿ ಹುಳಿ. ಹುಣಸೆರಸದಂತೆ ಲೋಟದಲ್ಲಿ ಸುರಿದರೆ ಸಾರು ಬಾಯಿಗಿಡಲಾಗದು.

ಪ್ರವಾಸದ ಅಡುಗೆಯನ್ನು ತೋರಿಸುವ ನಿಮಿಷದ ವಿಡಿಯೋಗಳ ಮೇಲೆ ನನ್ನ ಮುಖ್ಯ ಆಕ್ಷೇಪಣೆ ಇಲ್ಲೇ ಇದೆ. ಸಂತೆಯ ಬಣ್ಣ ಇರುತ್ತದೆ, ಒಗ್ಗರಣೆಯ ಚಟಪಟ ಇರುತ್ತದೆ, ಮೂರು ದಿನದ ನೀರು ಮಾತ್ರ ಕತ್ತರಿಯ ಪಾಲಾಗುತ್ತದೆ. ಅಚ್ಚಾದ ಪಾಕವಿಧಾನಗಳಲ್ಲೂ ಎಷ್ಟೋ ಸಲ ‘ಸ್ವಚ್ಛಗೊಳಿಸಿದ ಕಳಲೆ, ಎರಡು ಕಪ್’ ಎಂಬ ಒಂದೇ ಸಾಲು. ಮಾಡುವವರಿಗೆ ನಿಜವಾದ ಅಡುಗೆ ಆ ‘ಸ್ವಚ್ಛಗೊಳಿಸಿದ’ ಎಂಬುದರೊಳಗೇ ಮುಗಿದಿರುತ್ತದೆ. ಮಸಾಲೆಗೆ ಕಾಲು ಚಮಚದ ಲೆಕ್ಕ ಕೊಡುವವರು ನೀರಿನ ಲೆಕ್ಕವನ್ನೂ ಕೊಡಬೇಕು.

ಈ ರೂಢಿಯನ್ನು ಚೆನ್ನಾಗಿ ನಡೆಸುವವರೂ ಇದ್ದಾರೆ. ಅವರು ಸೊಪ್ಪಿಗೆ ಕೈಹಾಕುವ ಮೊದಲೇ, “ಅಜ್ಜಿ, ಇದನ್ನ ನೀವು ಮನೇಲಿ ಹೆಂಗೆ ಮಾಡ್ತೀರಿ?” ಎಂದು ಕೇಳುತ್ತಾರೆ. ಅಜ್ಜಿ ಬರೀ ರೆಸಿಪಿ ಹೇಳುವುದಿಲ್ಲ. ಎಷ್ಟು ಹೊತ್ತು ನೆನೆಸಬೇಕು, ಯಾವ ನೀರು ಚೆಲ್ಲಬೇಕು, ಬಾಣಂತಿಗೆ ಕೊಡಬಾರದೋ ಏನೋ ಎಲ್ಲವೂ ಬರುತ್ತದೆ. ಕೊಳ್ಳಲು ಬಂದವರು ಆ ಹೊತ್ತಿಗೆ ಕಲಿಯಲು ಕೂತವರಾಗುತ್ತಾರೆ. ಎರಡೇ ದಿನ ತಂಗುವ ಪ್ರವಾಸಿಗೆ ಹಸಿ ಕಳಲೆ ಹೊಂದುವುದಿಲ್ಲ ಎಂದು ಅಜ್ಜಿಯೇ ಹೇಳಿ, ಆಗಲೇ ನೆನೆಸಿಟ್ಟದ್ದು ಯಾರ ಬಳಿ ಸಿಗುತ್ತದೆಂದು ತೋರಿಸಿಯಾಳು. ಕೊಳ್ಳಬೇಕಾದದ್ದು ಅದನ್ನೇ.