ಪಿತೃ-ಪುತ್ರ ಸಂಬಂಧ: ಅಥನೇಸಿಯಸನ ಉಪಮೆಗಳು

ಕ್ರೈಸ್ತರು ಯೇಸುವನ್ನು ದೇವಪುತ್ರನೆಂದು ಕರೆಯುವರೆಂಬುದು ಸರ್ವವಿದಿತ. ಆ ‘ಪುತ್ರ’ ಶಬ್ದದ ಅರ್ಥವೇ ನಾಲ್ಕನೆಯ ಶತಮಾನದಲ್ಲಿ ಅವರ ಮತವನ್ನು ಇಬ್ಭಾಗಿಸಿತ್ತೆಂಬುದು ಅಷ್ಟು ವಿದಿತವಲ್ಲ. ತಂದೆ-ಮಗನ ಐಕ್ಯವೆಂದೊಡನೆ ಲಿಂಗಾಂಗ ಸಾಮರಸ್ಯವನ್ನು ಪಕ್ಕಕ್ಕಿರಿಸಿ ಎರಡೂ ಒಂದೇ ಎನ್ನುವವರಿದ್ದಾರೆ. ಇದು ವಿಚಾರಣೀಯ.

ಈಜಿಪ್ಟಿನ ಅಲೆಕ್ಸಾಂಡ್ರಿಯದ ಪಾದ್ರಿಯಾಗಿದ್ದ ಏರಿಯಸನ ತರ್ಕವು ಲೋಕರೂಢಿಗೆ ಒಪ್ಪುವಂಥದು. ತಂದೆ ಮೊದಲು, ಮಗ ಅನಂತರ. ಅಂದಮೇಲೆ ಮಗನಿಲ್ಲದ ಸ್ಥಿತಿಯೊಂದು ಇದ್ದಿರಲೇಬೇಕು. ಅವನು ಸೃಷ್ಟಿಯಲ್ಲಿ ಅಗ್ರಗಣ್ಯನೇ ಹೊರತು ಅನಾದಿಯಲ್ಲ. ತಂದೆ ತನಗಿಂತ ದೊಡ್ಡವನೆಂದು ಯೇಸುವೇ ಹೇಳಿದುದು ಯೋಹಾನನ ಸುವಾರ್ತೆಯಲ್ಲಿದೆ. ತಾನೂ ತಂದೆಯೂ ಒಂದೆಂದು ಹೇಳಿದುದೂ ಅಲ್ಲಿಯೇ ಇದೆ. ಚಕ್ರವರ್ತಿ ಕಾನ್‌ಸ್ಟಂಟೈನನು 325ರಲ್ಲಿ ಕರೆದ ನಿಕೇಯ ಸಭೆ ಏರಿಯಸನನ್ನು ತಿರಸ್ಕರಿಸಿ, ಮಗನು ತಂದೆಯೊಡನೆ ಏಕಸತ್ತ್ವನೆಂಬರ್ಥದ ‘ಹೋಮೊಊಸಿಯೊಸ್’ ಎಂಬ ಗ್ರೀಕ್ ಶಬ್ದವನ್ನು ಅಂಗೀಕರಿಸಿತು. ಆ ಶಬ್ದ ಬೈಬಲಿನಲ್ಲಿಲ್ಲವೆಂಬ ಆಕ್ಷೇಪ ಬಹುಕಾಲ ಅಡಗಲಿಲ್ಲ.

ಅದನ್ನು ಉಳಿಸಿದುದು ಸಭೆಯ ನಿರ್ಣಯಕ್ಕಿಂತ ಅಥನೇಸಿಯಸನ ಲೇಖನಿ ಎನ್ನಬೇಕು. 328ರಲ್ಲಿ ಅಲೆಕ್ಸಾಂಡ್ರಿಯದ ಬಿಷಪ್ಪನಾದ ಈತನು ಐದು ಬಾರಿ ಗಡಿಪಾರಾದವನು. ಏರಿಯಸನ ಪಂಥವನ್ನು ಖಂಡಿಸಿ ಬರೆದ ಪ್ರಬಂಧಗಳಲ್ಲಿ ಅವನ ಬಲವೆಲ್ಲ ಉಪಮೆಗಳಲ್ಲಿದೆ. ಬೆಳಕಿಲ್ಲದ ಸೂರ್ಯನುಂಟೆ? ಮಗನು ತಂದೆಯ ಪ್ರಭೆಯಾದರೆ ಅವರ ನಡುವೆ ಕಾಲದ ಅಂತರವೆಲ್ಲಿಯದು? ದೇವರು ಜ್ಞಾನದ ಚಿಲುಮೆಯಾದರೆ, ಜ್ಞಾನರೂಪಿಯಾದ ಮಗನಿಲ್ಲದ ಸ್ಥಿತಿಯಲ್ಲಿ ಆ ಚಿಲುಮೆ ಒಣಗಿತ್ತೆನ್ನಬೇಕಾದೀತು. ಎದುರಾಳಿಯ ಮಾತು ಮಗನನ್ನಷ್ಟೇ ಅಲ್ಲ, ತಂದೆಯನ್ನೇ ಬರಿದು ಮಾಡುತ್ತದೆಂದು ತೋರಿಸುವ ಈ ವರಸೆ ನಿಜಕ್ಕೂ ಸಮರ್ಥವಾದುದು. ಅದರ ಹಿಂದೆ ಮುಕ್ತಿಯ ಚಿಂತೆಯೂ ಇದೆ: ಮಗನು ತಾನೇ ಸೃಷ್ಟನಾಗಿದ್ದರೆ ಸೃಷ್ಟಜೀವರನ್ನು ದೇವರೊಡನೆ ಕೂಡಿಸಬಲ್ಲನೆ?

ಆದರೂ ಉಪಮೆಗೆ ಮಿತಿಯುಂಟು. ಪ್ರಭೆಯು ಸೂರ್ಯನನ್ನು ‘ಅಪ್ಪಾ’ ಎಂದು ಕರೆಯಲಾರದು. ಗೆತ್ಸೆಮನೆಯ ತೋಟದಲ್ಲಿ ಕಳವಳಗೊಂಡು ಪ್ರಾರ್ಥಿಸಿದ ಮಗನನ್ನು ಈ ಬೆಳಕಿನ ಉಪಮೆ ಹಿಡಿದಿಡಲಾರದು; ಅಲ್ಲಿ ‘ಮಗ’ ಎಂಬ ಹಳೆಯ ಮಾತೇ ಬೇಕು.

ಇನ್ನು ತೌಲನಿಕ ವಿಚಾರ. ನಿಕೇಯದ ಪುತ್ರತ್ವವು ಸಾಧಿಸಿ ಪಡೆದುದಲ್ಲ. ಅದಕ್ಕೆ ಆದಿಯಿಲ್ಲ, ಅದು ಮತ್ತೊಬ್ಬರಿಗೆ ಸಲ್ಲದು. ಲಿಂಗಾಂಗ ಸಾಮರಸ್ಯವಾದರೋ ಭಕ್ತಸ್ಥಲದಿಂದ ಐಕ್ಯಸ್ಥಲದವರೆಗೆ ಸಾಧಕನು ನಡೆದು ಮುಟ್ಟಬೇಕಾದುದು. ಮಾಯಿದೇವನ ‘ಅನುಭವಸೂತ್ರ’ವು ಅಂಗವನ್ನೂ ಲಿಂಗವನ್ನೂ ಒಂದೇ ಸ್ಥಲದ ಎರಡು ರೂಪಗಳೆಂದು ಹೇಳುವುದು ದಿಟ, ಆದರೆ ಅಲ್ಲಿಯೂ ಅಂಗವೆಂದರೆ ಜೀವರೆಲ್ಲರೂ, ಏಕೈಕ ಪುತ್ರನಲ್ಲ. ಹೋಲಿಸಲೇಬೇಕೆಂದರೆ ಹೋಲಿಕೆ ಬೇರೆಡೆ ಇದೆ. ದೀಕ್ಷೆ ಪಡೆದ ಶಿಷ್ಯನು ಗುರುಕರಜಾತನು; ಪೂರ್ವದ ಹುಟ್ಟನ್ನು ಕಳೆದುಕೊಂಡು ಗುರುವಿನ ಮಗನಾಗುವನು. ಸಂತ ಪೌಲನು ರೋಮಾಪುರದವರಿಗೂ ಗಲಾತ್ಯದವರಿಗೂ ಬರೆದ ಪತ್ರಗಳಲ್ಲಿ, ವಿಶ್ವಾಸಿಗಳು ದೇವರಿಗೆ ದತ್ತುಮಕ್ಕಳಾಗಿ ಬಾಧ್ಯಸ್ಥರಾಗುವರೆಂದು ವಿವರಿಸುತ್ತಾನೆ. ಗುರುಕರಜಾತನ ಜೊತೆಗೆ ಇರಿಸಿ ಓದಬೇಕಾದುದು ಈ ದತ್ತುಪುತ್ರನನ್ನು.