ವಿಜಯನಗರದ ಅರಮನೆಯ ಕವಯಿತ್ರಿಯರು

ವಿಜಯನಗರದ ಚರಿತ್ರಕಾರರು ಗಂಗಾದೇವಿಯ ‘ಮಧುರಾವಿಜಯ’ವನ್ನು ಆಧಾರಗ್ರಂಥವೆಂದು ಉದಾಹರಿಸುವುದುಂಟು, ಕಾವ್ಯವೆಂದು ಓದಿದವರು ವಿರಳ. ಬುಕ್ಕರಾಯನ ಸೊಸೆಯಾದ ಈಕೆ, ಪತಿ ಕಂಪಣನು 14ನೆಯ ಶತಮಾನದಲ್ಲಿ ಮಧುರೆಯನ್ನು ಜಯಿಸಿದ ವೃತ್ತಾಂತವನ್ನು ಸಂಸ್ಕೃತದಲ್ಲಿ ರಚಿಸಿದಳು. ಕೃತಿ ಬೆಳಕಿಗೆ ಬಂದುದು 1916ರ ಸುಮಾರಿಗೆ.

ಕಾವ್ಯಾರಂಭದಲ್ಲಿಯೇ ಶೈವಗುರು ಕ್ರಿಯಾಶಕ್ತಿಗೆ ವಂದನೆ ಸಂದಿದೆ. ಶಿವಭಕ್ತರಾದ ವಾಚಕರಿಗೆ ಇದು ಹರ್ಷದ ಸಂಗತಿ. ಆದರೆ ಕೃತಿಯ ಜೀವವಿರುವುದು ಎಂಟನೆಯ ಸರ್ಗದಲ್ಲಿ. ಅಪರಿಚಿತ ಸ್ತ್ರೀಯೊಬ್ಬಳು ಕಂಪಣನೆದುರು ನಿಂತು, ಪಾಳುಬಿದ್ದ ದೇಗುಲಗಳ, ಮೌನವಾದ ಅಗ್ರಹಾರಗಳ ದುಃಖವನ್ನು ತೋಡಿಕೊಂಡು ಖಡ್ಗವನ್ನೀಯುತ್ತಾಳೆ. ಋತುವರ್ಣನೆ, ಜಲಕ್ರೀಡೆಗಳೆಲ್ಲ ಮಹಾಕಾವ್ಯದ ಕಟ್ಟಳೆಗೆಂದು ಬಂದವು. ಇಲ್ಲಿ ಮಾತ್ರ ಹೆಣ್ಣಿನ ಅಳಲೇ ಕಥೆಯನ್ನು ಮುನ್ನಡೆಸುತ್ತದೆ.

ಅಚ್ಯುತರಾಯನ (1529–1542) ಕಾಲದ ತಿರುಮಲಾಂಬೆಯ ‘ವರದಾಂಬಿಕಾಪರಿಣಯ ಚಂಪೂ’ ಪಾಂಡಿತ್ಯದಲ್ಲಿ ಮಿಗಿಲಾದುದು, ನಿಜ. ಆದರೆ ಅದರ ದೀರ್ಘಸಮಾಸಗಳನ್ನು ದಾಟುವಷ್ಟರಲ್ಲಿ ಓದುಗನ ಉಸಿರು ಕಟ್ಟುತ್ತದೆ. ರಾಜವೈಭವ ಕಣ್ಣಿಗೆ ಕಟ್ಟುವುದೇ ಹೊರತು ವರದಾಂಬಿಕೆಯ ಮನಸ್ಸು ತೆರೆಯುವುದಿಲ್ಲ.

ಅಕ್ಕಮಹಾದೇವಿ, ಆಯ್ದಕ್ಕಿ ಲಕ್ಕಮ್ಮ ಮೊದಲಾದವರು ತಿಳಿಗನ್ನಡದಲ್ಲಿ ನುಡಿದು, ಗಂಗಾದೇವಿಯ ಕಾಲಕ್ಕೆ ಎರಡು ಶತಮಾನಗಳಾಗಿದ್ದವು. ಆ ನುಡಿ ಈ ಅರಮನೆಯ ಕವಯಿತ್ರಿಯರನ್ನು ಮುಟ್ಟಲಿಲ್ಲ. ಹೆಚ್ಚಿಗೆ ಅಕ್ಕಿ ತಂದ ಪತಿ ಮಾರಯ್ಯನಿಗೆ ಲಕ್ಕಮ್ಮ ಎದುರಿಗೇ ಬುದ್ಧಿ ಹೇಳಬಲ್ಲಳು. ಗಂಗಾದೇವಿಗೆ ಪತಿಯನ್ನು ಹೊಗಳುವುದಕ್ಕಷ್ಟೇ ಎಡೆಯಿತ್ತು. ಆದುದರಿಂದಲೇ ಆ ಅಪರಿಚಿತ ಸ್ತ್ರೀಯ ಬಾಯಲ್ಲಿ ಆಡಿಸಿದ ಮಾತಿಗೆ ಅಷ್ಟು ಬೆಲೆ. ಅದು ಸ್ತುತಿಯಲ್ಲ, ಅರಸನನ್ನು ಕರ್ತವ್ಯಕ್ಕೆ ಎಚ್ಚರಿಸುವ ಮಾತು.